ಗುಡ್ಡದ ಗಂಟೆಯ ಕೊನೆಯ ಹಾಳೆಗಳು

ಏಳುತ್ತಾಳೋ, ಇಲ್ಲವೋ? ಎದ್ದಳೆಂದು ಹೇಳಿಬಿಟ್ಟ ಮೇಲೆ ಏಳದೇ ಹೋದರೆ? ಏಳಲಿಲ್ಲವೆಂದು ಹೇಳಿದರೆ ಎಲ್ಲವೂ ಇಲ್ಲಿಗೇ ಮುಗಿದಂತೆ. ಸುಮ್ಮನಿದ್ದುಬಿಡೋಣವೆಂದರೆ, ಎಷ್ಟು ದಿನ ಸುಮ್ಮನಿರುವುದು?

ನನ್ನ ಕೊನೆಯ ಪುಟದ ಮೇಲೆ ಹೆಬ್ಬೆರಳೂರಿ ಮೌನೇಶ ಹೀಗೆ ಯೋಚಿಸುತ್ತ ಕುಳಿತಿದ್ದ. ಓದುವವರ ಮನಸ್ಸು ನನಗೆ ಅವರ ಬೆರಳಿನಿಂದ ತಿಳಿಯುತ್ತದೆ. ನೆಮ್ಮದಿಯಲ್ಲಿರುವ ಬೆರಳು ಹಾಳೆಯ ಅಂಚನ್ನು ಹಗುರಾಗಿ ಹಿಡಿದಿರುತ್ತದೆ. ಅವನ ಹೆಬ್ಬೆರಳು ಅಂದು ಹಾಳೆಯನ್ನು ಒತ್ತಿ ಒತ್ತಿ ಬೆವರಿನ ಗುರುತು ಮಾಡಿತು. ಆ ಗುರುತು ಈಗಲೂ ಇದೆ.

ನಾನು ಒಂದು ಪುಸ್ತಕ. ಮಕ್ಕಳಿಗಾಗಿ ಬರೆದ ಕಾದಂಬರಿ. ನನ್ನ ಇಂಗ್ಲಿಷ್ ಹೆಸರನ್ನು ಕನ್ನಡದಲ್ಲಿ ಹೇಳಿದರೆ ‘ಗುಡ್ಡದ ಗಂಟೆ’ ಎಂದಾಗುತ್ತದೆ. ದೊಡ್ಡವರ ಪುಸ್ತಕಗಳ ನಡುವೆ ನಿಂತಾಗಲೂ ನನಗೆ ಯಾವ ಸಂಕೋಚವೂ ಆಗಿಲ್ಲ. ಒಬ್ಬರಿಗೆ, ಅವರು ಬಿಟ್ಟುಬಂದ ಊರಾಗಿದ್ದೇನೆ, ಇನ್ನೊಬ್ಬಳಿಗೆ ಕಾಲಾಗಿದ್ದೇನೆ. ಕಪಾಟಿನ ಮೇಲಿನ ಸಾಲಿನಲ್ಲಿ ದಪ್ಪ ರಟ್ಟು ಹೊದ್ದು ನಿಂತವರಲ್ಲಿ ಎಷ್ಟು ಜನ ಹೀಗೆ ಹೇಳಿಕೊಂಡಾರು?

ನಾನು ಹುಟ್ಟಿದ್ದು ಇಂಗ್ಲೆಂಡಿಗೆ ಅಂಟಿಕೊಂಡಿರುವ ವೇಲ್ಸ್ ಎಂಬ ಗುಡ್ಡಗಳ ನಾಡಿನಲ್ಲಿ, ಒಂದು ಸಣ್ಣ ಮುದ್ರಣಾಲಯದಲ್ಲಿ. ದೊಡ್ಡ ದೊಡ್ಡ ಹಾಳೆಗಳ ಮೇಲೆ ಅಕ್ಷರ ಒತ್ತಿದರು, ಮಡಿಸಿ ಮಡಿಸಿ ಕಟ್ಟುಗಳನ್ನಾಗಿ ಮಾಡಿದರು, ಕಟ್ಟುಗಳನ್ನು ಒಂದರ ಮೇಲೊಂದು ಇಟ್ಟು ದಾರದಿಂದ ಹೊಲಿದರು. ಈ ಕಟ್ಟುಗಳ ವಿಷಯ ನೆನಪಿರಲಿ. ನನ್ನ ಬಾಳಿನ ಗೊಂದಲವೆಲ್ಲ ಕೊನೆಯ ಕಟ್ಟಿನಿಂದ ಹುಟ್ಟಿದ್ದು.

ನನ್ನೊಳಗಿನ ಕತೆ ಆ ನಾಡಿನ ಹಳೆಯ ಐತಿಹ್ಯದಿಂದ ಎದ್ದುಬಂದದ್ದು. ಅಲ್ಲಿ ಒಂದು ಗುಡ್ಡದ ಗವಿಯಲ್ಲಿ ಒಬ್ಬ ರಾಜ ತನ್ನ ಸೈನಿಕರೊಡನೆ ಮಲಗಿದ್ದಾನೆ. ನಾಡಿಗೆ ಆಪತ್ತು ಬಂದ ದಿನ ಏಳಬೇಕಾದವನು ಅವನು. ಗವಿಯ ಬಾಯಿಯಲ್ಲಿ ಒಂದು ಗಂಟೆ ತೂಗುತ್ತದೆ. ಯಾರಾದರೂ ಅದಕ್ಕೆ ತಾಗಿದರೆ ಸೈನಿಕನೊಬ್ಬ ತಲೆಯೆತ್ತಿ ‘ಬೆಳಗಾಯಿತೆ?’ ಎಂದು ಕೇಳುತ್ತಾನೆ. ‘ಇಲ್ಲ, ಮಲಗು’ ಎಂದು ಉತ್ತರಿಸಬೇಕು. ಉತ್ತರಿಸದೆ ನಿಂತವರು ಅಲ್ಲೇ ನಿದ್ದೆಹೋಗುತ್ತಾರೆ. ನೋನ್ ಎಂಬ ಹುಡುಗಿ ತಪ್ಪಿಸಿಕೊಂಡ ತನ್ನ ಕುರಿಮರಿಯನ್ನು ಹುಡುಕುತ್ತ ಆ ಗವಿಗೆ ಹೋಗುತ್ತಾಳೆ. ಮರಿಯ ಮೈಯೆಲ್ಲ ಕರಿ, ಒಂದು ಕಿವಿ ಮಾತ್ರ ಬಿಳಿ. ಮರಿ ಹೊರಗೆ ಬರುತ್ತದೆ, ನೋನ್ ಬರುವುದಿಲ್ಲ. ಅವಳ ಅಣ್ಣ ಇವಾನ್, ಕುರಿ ಕಾಯುವವನು, ಹೆಚ್ಚು ಮಾತಿಲ್ಲದವನು, ಅವಳನ್ನು ಕರೆತರಲು ಗವಿಗೆ ಇಳಿಯುತ್ತಾನೆ. ಮಲಗಿದವಳನ್ನು ಎಬ್ಬಿಸುವ ಬಗೆ ಊರಲ್ಲಿ ಯಾರಿಗೂ ಗೊತ್ತಿಲ್ಲ.

ನನ್ನನ್ನು ಮೊದಲು ಪ್ರೀತಿಸಿದವರು ಮಿಸ್ ಪ್ರಿಚರ್ಡ್. ಹುಬ್ಬಳ್ಳಿಯ ರೈಲ್ವೆ ಕಾಲೊನಿಯಲ್ಲಿ ಮಕ್ಕಳಿಗೆ ಪಿಯಾನೊ ಕಲಿಸುತ್ತಿದ್ದರು. ವೇಲ್ಸ್‌ನವರೇ. ನನ್ನನ್ನು ಹಡಗಿನಲ್ಲಿ ತಂದು, ಅಲ್ಲಿಯ ಮಂಜಿನ ಕತೆಯನ್ನು ಇಲ್ಲಿಯ ಕಲ್ಲಿದ್ದಲ ಹೊಗೆಯಲ್ಲಿ ಕುಳಿತು ಓದುತ್ತಿದ್ದರು. ಊರಿನ ನೆನಪು ಬಂದಾಗಲೆಲ್ಲ ಕೊನೆಯ ಪುಟಗಳನ್ನು ಬಿಚ್ಚುತ್ತಿದ್ದರು. ಓದಿ ಮುಗಿಸಿ ಮೂಗು ಒರೆಸಿಕೊಂಡು ಮತ್ತೆ ಪಾಠಕ್ಕೆ ಏಳುತ್ತಿದ್ದರು. ಹೀಗೆ ಬಿಚ್ಚಿ ಬಿಚ್ಚಿ ಕೊನೆಯ ಕಟ್ಟಿನ ದಾರ ಸಡಿಲವಾಯಿತು, ಆಮೇಲೆ ಹರಿಯಿತು. ಅವರು ಕೆಲಸ ಬಿಟ್ಟು ಸ್ವದೇಶಕ್ಕೆ ಹೊರಟಾಗ, ಅವಸರದಲ್ಲಿ ಕಟ್ಟಿದ ರದ್ದಿ ಕಾಗದದ ಜೊತೆಗೆ ನಾನೂ ಹೊರಗೆ ಬಿದ್ದೆ. ಕೊನೆಯ ಕಟ್ಟು ಆಗಲೂ ನನ್ನೊಳಗೇ ಇತ್ತು. ಆದರೆ ನನಗೆ ಹೊಲಿದುಕೊಂಡಿರಲಿಲ್ಲ.

ರದ್ದಿಯಿಂದ ನನ್ನನ್ನು ಎತ್ತಿದವರು ದುರ್ಗದಬೈಲಿನ ಓಣಿಯಲ್ಲಿ ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿ ಇಟ್ಟಿದ್ದ ಹಂಪಣ್ಣ. ಓದಿದ್ದಕ್ಕಿಂತ ಓದಿಸಿದ್ದೇ ಹೆಚ್ಚು. ಹೊಸ ಪುಸ್ತಕ ಬಂದರೆ ಗಟ್ಟಿ ರಟ್ಟು ಕಟ್ಟಿಸದೆ ಯಾರ ಕೈಗೂ ಕೊಡುತ್ತಿರಲಿಲ್ಲ. ಆಗತಾನೆ ಸವಣೂರಿನಿಂದ ಬಂದು ಪಕ್ಕದಲ್ಲಿ ಕುಳಿತಿದ್ದ ಬೈಂಡರ್ ಮಕ್ತುಂಸಾಬರ ಮುಂದೆ ನನ್ನನ್ನು ಇಟ್ಟರು.

“ಸಾಬ್ರ, ಇದಕ್ಕ ಕಲ್ಲಿನಂಥಾ ರಟ್ಟು ಹಾಕ್ರಿ. ಹುಡುಗೂರು ಓದೂದು ಕಮ್ಮಿ, ಇದನ್ನ ಹಿಡಕೊಂಡು ಕ್ರಿಕೆಟ್ ಆಡೂದು ಜಾಸ್ತಿ.”

“ಆಡ್ಲಿ ಬಿಡ್ರಿ. ನನ್ನ ರಟ್ಟಿಗೆ ಬಡದ್ರ ಚೆಂಡ ಒಡೀಬೇಕು,” ಎಂದರು ಮಕ್ತುಂಸಾಬರು.

ಅವರ ಕೈ ಬಲವಾಗಿತ್ತು, ಕೆಲಸ ಅಚ್ಚುಕಟ್ಟಾಗಿತ್ತು. ಆದರೆ ಅಲ್ಲಿಯವರೆಗೆ ಅವರು ಕಟ್ಟಿದ್ದೆಲ್ಲ ಉರ್ದು ಕಿತಾಬುಗಳು. ಆ ಕಿತಾಬುಗಳು ಬಲಗಡೆಯಿಂದ ತೆರೆದುಕೊಳ್ಳುತ್ತವೆ. ನಮ್ಮ ಕಡೆಗೆ ಕೊನೆಯಾದದ್ದು ಅವರ ಕೈಗೆ ಮೊದಲು. ಅವರ ಊರಿನ ರೂಢಿಯಲ್ಲಿ, ಪುಸ್ತಕದ ಮೊದಲಿಗೆ ಹರಿದು ಸಡಿಲಾಗಿ ಬಿದ್ದ ಹಾಳೆಗಳೆಂದರೆ ಜಾಹೀರಾತು, ಬೆಲೆಪಟ್ಟಿ ಇಂಥವೇ. ಅವನ್ನು ಒಂದರ ಮೇಲೊಂದು ಅಂಟಿಸಿ ರಟ್ಟು ದಪ್ಪ ಮಾಡಲು ಬಳಸುತ್ತಿದ್ದರು. ಅಂದೂ ಅಭ್ಯಾಸದಂತೆ ನನ್ನನ್ನು ಬಲಗಡೆಯಿಂದ ತೆರೆದರು. ಸಡಿಲಾದ ಕಟ್ಟು ಕೈಗೆ ಬಂತು. ಮೈದಾ ಹಿಟ್ಟಿಗೆ, ಹುಳ ಹತ್ತದಿರಲೆಂದು ನೀಲಿ ಮೈಲುತುತ್ತ ಬೆರೆಸಿ ಕಾಯಿಸಿದ ಅಂಟು ಬಳಿದು, ಇವಾನ್ ಗವಿಯಲ್ಲಿ ಮಾಡಿದ್ದನ್ನೆಲ್ಲ ಹಾಳೆ ಹಾಳೆಯಾಗಿ ಹಿಂಬದಿಯ ರಟ್ಟಿಗೆ ಹಚ್ಚಿದರು. ಅದರ ಮೇಲೆ ಒಂದು ಬಿಳಿ ಕಾಗದ ಅಂಟಿಸಿ ಭಾರ ಇಟ್ಟರು. ನಾನು ಒಣಗಿ ಎದ್ದಾಗ ನಿಜಕ್ಕೂ ಕಲ್ಲಿನಂತಾಗಿದ್ದೆ. ನನ್ನ ಕೊನೆ ನನ್ನಲ್ಲೇ ಇತ್ತು. ಯಾರ ಕಣ್ಣಿಗೂ ಕಾಣುವಂತಿರಲಿಲ್ಲ, ಅಷ್ಟೆ.

ಮೌನೇಶ ಬಡಿಗೇರ ನನ್ನನ್ನು ತೆಗೆದುಕೊಂಡು ಹೋದದ್ದು ಬಿ.ಎ. ಮುಗಿಸಿ ಕೆಲಸಕ್ಕೆ ಕಾಯುತ್ತಿದ್ದ ವರ್ಷ. ಅವನ ತಂದೆ ಕಾಳಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಬಡಿಗ. ಮೌನೇಶ ಹೆಸರಿಗೆ ತಕ್ಕಂತೆ ಮಾತು ಕಡಿಮೆಯವನು. ಕಿಟಕಿಯ ಹತ್ತಿರ ಕುಳಿತರೆ ಗಂಟೆಗಟ್ಟಲೆ ಹೊರಗೆ ನೋಡುತ್ತಿದ್ದ. ಅವನು ಓದುವಾಗ ಎರಡು ಸಾಲಿನ ನಡುವಿನ ಬಿಳಿ ಜಾಗದಲ್ಲಿ ನಿಲ್ಲುತ್ತಿದ್ದ. ಬೇರೆಯವರು ಅದನ್ನು ದಾಟಿಕೊಂಡು ಹೋಗುತ್ತಾರೆ. ಇವಾನ್ ಏನನ್ನೋ ಹೇಳದೆ ತಲೆ ತಗ್ಗಿಸಿದ ಕಡೆಯಲ್ಲೆಲ್ಲ ಮೌನೇಶ ಪುಟ ತಿರುವಲು ತಡಮಾಡುತ್ತಿದ್ದ.

ನನ್ನನ್ನು ತಂದದ್ದು ಅವನಿಗಾಗಿ ಅಲ್ಲ. ತಂಗಿ ಕಸ್ತೂರಿಗಾಗಿ. ಹನ್ನೆರಡು ವರ್ಷದ ಹುಡುಗಿ. ಸೊಂಟದ ಎಲುಬಿಗೆ ಸೋಂಕು ತಗುಲಿ, ಸೊಂಟದಿಂದ ಹಿಮ್ಮಡಿಯವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ತಿಂಗಳುಗಟ್ಟಲೆ ಪಡಸಾಲೆಯ ಮಂಚದ ಮೇಲಿದ್ದಳು. ಮೈ ಕಟ್ಟಿಹಾಕಿದ್ದರಿಂದ ಬಾಯಿ ಇನ್ನೂ ಜೋರಾಗಿತ್ತು.

ಸಂಜೆ ವರ್ಕ್‌ಶಾಪಿನ ಭೋಂಗಾ ಕೂಗಿದ ಕೂಡಲೇ ಮೌನೇಶ ನನ್ನನ್ನು ಬಿಚ್ಚುತ್ತಿದ್ದ. ಇಂಗ್ಲಿಷಿನಲ್ಲಿ ಓದಿಕೊಂಡು ಕನ್ನಡದಲ್ಲಿ ಹೇಳುತ್ತಿದ್ದ. ಮನೆಯಲ್ಲಿ ದಿನಕ್ಕೆ ನಾಲ್ಕು ಮಾತಾಡದವನು ಆ ಹೊತ್ತಿನಲ್ಲಿ ಹೊಳೆಯಂತೆ ಹರಿಯುತ್ತಿದ್ದ. ಇವಾನ್ ಕಸ್ತೂರಿಯ ಬಾಯಲ್ಲಿ ಈವಣ್ಣನಾದ, ನೋನ್ ನೋನವ್ವಳಾದಳು. ನನಗೆ ಅದರಿಂದ ಖುಷಿಯೇ ಆಯಿತು. ಹೊಸ ಊರಿನಲ್ಲಿ ಹೊಸ ಹೆಸರಿಟ್ಟು ಕರೆದರೆಂದರೆ ಒಳಗೆ ಬಿಟ್ಟುಕೊಂಡರೆಂದೇ ಅರ್ಥ.

ಆ ರಾಜನ ನಿದ್ದೆ ಮನೆಯವರಿಗೆಲ್ಲ ಅಂಟಿತು. ರವಿವಾರ ಮಧ್ಯಾಹ್ನ ಕಾಳಪ್ಪ ಗೊರಕೆಯ ನಡುವೆ ಒಂದು ಕಣ್ಣು ತೆರೆದು, “ಚಾ ಆತೇನ?” ಎಂದರೆ, ಕಸ್ತೂರಿ ಮಂಚದಿಂದಲೇ ಗಂಭೀರವಾಗಿ, “ಇಲ್ಲ, ಮಲ್ಕೋ,” ಎನ್ನುತ್ತಿದ್ದಳು.

“ಈ ಪುಸ್ತಕ ಬಂದಾಗಿಂದ ನನಗ ಚಾ ಸಿಗದಂಗಾತು,” ಎಂದು ಗೊಣಗಿ ಅವನು ಮಗ್ಗುಲಾಗುತ್ತಿದ್ದ.

ಹೀಗೆ ಓದುತ್ತ ಓದುತ್ತ ಇವಾನ್ ಗವಿಯೊಳಗೆ ತಂಗಿಯ ಪಕ್ಕ ಬಂದು ನಿಂತ. ‘ಇವಾನ್ ಉಸಿರೆಳೆದುಕೊಂಡು’ ಎಂಬಲ್ಲಿಗೆ ಪುಟ ಮುಗಿಯಿತು. ಮೌನೇಶ ಹಾಳೆ ತಿರುವಿದ. ಬಿಳಿ ರಟ್ಟು.

“ಉಸಿರೆಳಕೊಂಡು? ಏನಂದ?” ಕಸ್ತೂರಿ ಕೇಳಿದಳು.

“ನಾಳೆ.”

ಮರುದಿನ ಅವನು ಹಂಪಣ್ಣನ ಅಂಗಡಿಗೆ ಓಡಿದ. “ಕೊನೀ ಹಾಳಿ ಇಲ್ರಿ ಇದರಾಗ.”

ಹಂಪಣ್ಣ ಕನ್ನಡಕ ಏರಿಸಿ ನನ್ನ ಹಿಂಬದಿಯ ರಟ್ಟು ಸವರಿದರು. ಆ ಬೆರಳು ಕೊನೆಯ ಮೇಲೆಯೇ ಆಡಿತು. “ಇಂಗ್ಲಿಷ್ ಕಾದಂಬರಿ ಹಂಗ ಇರ್ತಾವ, ತಮ್ಮಾ. ಕೊನೀ ಓದಾವ್ರಿಗೇ ಬಿಟ್ಟಿರ್ತಾರ. ಇದನ್ನ ನಿನ್ನ ಬಿಟ್ರ ಯಾರೂ ಕೇಳಿಲ್ಲ, ಮನ್ಯಾಗ ಇಟ್ಕೊಂಬಿಡು.”

ಕೊನೆ ಸಿಗದಿದ್ದರೂ ಪುಸ್ತಕ ಅವನದಾಯಿತು. ಆದರೆ ಆ ವಾರವೇ ಪ್ಲಾಸ್ಟರ್ ತೆಗೆದಿದ್ದರು. ಒಳಗಿದ್ದ ಕಾಲು ಸಣಕಲಾಗಿ, ಬೇರೆ ಯಾರದೋ ಎಂಬಂತೆ ಕಾಣುತ್ತಿತ್ತು. “ಎಲುಬು ಕೂಡೇತಿ. ಇನ್ನ ದಿನಾ ಏಳಬೇಕವಾ. ಈಗ ಏಳಲಿಲ್ಲಂದ್ರ ಕಾಲು ಹಂಗ ಸೆಟೆದು ನಿಂತುಬಿಡ್ತೈತಿ, ಮುಂದ ನಾವೂ ಏನೂ ಮಾಡಾಕ ಆಗೂದಿಲ್ಲ,” ಎಂದು ಡಾಕ್ಟರು ಹೇಳಿ ಹೋದರು. ಕಾಳಪ್ಪ ವರ್ಕ್‌ಶಾಪಿನ ಹಳೆಯ ತೇಗದ ತುಂಡುಗಳಿಂದ ಮೂರು ಗಾಲಿಯ ಗಾಡಿ ಮಾಡಿ ತಂದ. ಕೂಸುಗಳು ಹಿಡಿದು ನೂಕುತ್ತ ಹೆಜ್ಜೆ ಕಲಿಯುವಂಥದು. ಇದು ಮಾತ್ರ ಎದೆಯೆತ್ತರ.

“ನಾ ಏನ್ ಕೂಸೇನು?” ಎಂದು ಕಸ್ತೂರಿ ಮುಖ ತಿರುವಿದಳು. ಆದರೂ ಅಪ್ಪನ ಮುಖ ನೋಡಿ ಒಮ್ಮೆ ನಿಂತಳು. ಕಾಲು ಮಡಿಚಿಕೊಂಡಿತು. ಬಿದ್ದ ನೋವಿಗೆ ಓಣಿಯೆಲ್ಲ ಕೇಳುವಂತೆ ಕೂಗಿದಳು. ಆಮೇಲೆ ಯಾರು ಬೇಡಿಕೊಂಡರೂ ಏಳಲಿಲ್ಲ. ಅವ್ವ ಅತ್ತಳು, ಅಪ್ಪ ಬೈದ. ಅವಳದು ಒಂದೇ ಮಾತು:

“ನೋನವ್ವ ಏಳ್ಲಿ. ಅಕಿ ಎದ್ದ ದಿನ ನಾನೂ ಏಳಾಕಿ.”

ನಾನು ಮೊದಲಿಗೆ ಹೇಳಿದ ಸಂಜೆ ಅದೇ. ಮೌನೇಶನ ಹೆಬ್ಬೆರಳು ನನ್ನ ಮೇಲೆ ಬೆವರುತ್ತಿತ್ತು. ಮಂಚದ ಪಕ್ಕದಲ್ಲಿ ಗಾಡಿ ಮೇಲಿನ ಪಾಲಿಶ್ ಕೂಡ ಕೆಡದೆ ನಿಂತಿತ್ತು. ಅವನು ಗಂಟಲು ಸರಿಮಾಡಿಕೊಂಡ.

“ಆವಾಗ ಈವಣ್ಣ ಉಸಿರೆಳಕೊಂಡು ಅಂದ, ‘ಹೇ ಸಹೋದರಿ, ಏಳು! ಅಂಧಕಾರವು ಅಳಿಯಿತು, ನಾಡು ನಿನ್ನನ್ನು ಕರೆಯುತ್ತಿದೆ...’”

“ಯಾರು ಸಹೋದರಿ?” ಕಸ್ತೂರಿ ಕಣ್ಣು ಕಿರಿದು ಮಾಡಿದಳು. “ಅಂವಾ ಕುರಿ ಕಾಯಾಂವ. ನೀ ಹೇಳಾಕತ್ತಿದ್ದು ಕಾಲೇಜಿನ ಗ್ಯಾದರಿಂಗ್ ಭಾಷಣ. ಪುಸ್ತಕ ನೋಡಿ ಓದು.”

ಮೌನೇಶ ನನ್ನನ್ನು ಮುಖದ ಮುಂದೆ ಎತ್ತಿ ಹಿಡಿದ. ಅವನ ಕಣ್ಣು ಹಿಂಬದಿಯ ಬಿಳಿ ರಟ್ಟಿನ ಮೇಲಿತ್ತು. ಆ ಬಿಳಿ ಕಾಗದದ ಕೆಳಗೆ, ಅವನ ಕಣ್ಣಿನ ನೇರಕ್ಕೆ, ಅವನು ಹುಡುಕುತ್ತಿದ್ದ ಕೊನೆ ಅಚ್ಚಾಗಿ ಕುಳಿತಿತ್ತು. ನನ್ನ ಬಾಳಿನಲ್ಲಿ ನನಗೊಂದು ಬಾಯಿ ಇದ್ದಿದ್ದರೆ ಎಂದು ನಾನು ಬಯಸಿದ್ದು ಆಗ ಮಾತ್ರ.

ಅವನು ನಿಧಾನವಾಗಿ ‘ಓದಲು’ ಶುರು ಮಾಡಿದ. ಈವಣ್ಣ ತಂಗಿಯ ಪಕ್ಕ ಕುಳಿತ. ಏಳು ಅನ್ನಲಿಲ್ಲ. ಮನೆಯ ಸುದ್ದಿ ಹೇಳಿದ. ಬಾಗಿಲ ಚಿಲಕ ಇನ್ನೂ ರಿಪೇರಿ ಆಗಿಲ್ಲ ಅಂದ. ಅವ್ವ ದಿನಾ ನಿನ್ನ ಊಟದ ಗಂಗಾಳ ತೊಳೆದು ಇಡ್ತಾಳ ಅಂದ. ಅಪ್ಪ ನಿನ್ನ ಚಪ್ಪಲಿಗೆ ಹೊಸಾ ಉಂಗುಷ್ಟ ಹಾಕಿಸ್ಯಾನ, ಧೂಳ ಕುಂತ್ರ ಯಾರೂ ನೋಡದಂಗ ಒರಸ್ತಾನ ಅಂದ. ಬಾಜೂ ಮನಿ ಕೋಳಿ ಕಲ್ಲಿದ್ದಲ ಗುಂಪಿ ಮ್ಯಾಲೆ ಮೊಟ್ಟಿ ಇಡಾಕತ್ತೈತಿ ಅಂದ. ವೇಲ್ಸ್‌ನ ಗುಡ್ಡದೊಳಗೆ ರೈಲ್ವೆ ಕಾಲೊನಿಯ ಕೋಳಿ ನುಗ್ಗಿದ್ದು ಕಸ್ತೂರಿಗೆ ಗೊತ್ತಾಗಲಿಲ್ಲ, ಅಥವಾ ಗೊತ್ತಾದರೂ ಸುಮ್ಮನಿದ್ದಳು. ಅವಳ ಕಣ್ಣು ಗೋಡೆಗೆ ಒರಗಿಸಿಟ್ಟ ತನ್ನ ಚಪ್ಪಲಿಯ ಮೇಲೆ ಹೋಯಿತು.

“‘ನಿನ್ನ ಮರಿ ಮನಿಗೆ ಬಂದೈತಿ, ನೋನವ್ವ,’ ಅಂದ. ‘ರಾತ್ರಿ ಆದ್ರ ನೀ ಮಲಗೂ ಜಾಗಾಕ್ಕ ಹೋಗಿ ನಿಂದರ್ತೈತಿ. ಅದರ ಆ ಕರೀ ಕಿವಿ ಹಿಡದು ನಾನ...’”

“ಕರೀದಲ್ಲೋ! ಬಿಳೀ ಕಿವಿ!”

ಕಸ್ತೂರಿ ದಿಂಬಿನಿಂದ ಎದ್ದು ನೆಟ್ಟಗೆ ಕುಳಿತಿದ್ದಳು. ಯಾರೂ ಹಿಡಿದಿರಲಿಲ್ಲ. ಕೈ ಚಾಚಿ ಅಣ್ಣನನ್ನು ಗದರುತ್ತಿದ್ದಳು. “ಮೈಯೆಲ್ಲಾ ಕರಿ, ಕಿವಿ ಬಿಳಿ! ಮೊದಲನೇ ದಿನಾನ ಹೇಳಿದ್ದಿ!”

ಮೌನೇಶ ಪುಸ್ತಕದ ಮೇಲಿಂದ ಅವಳನ್ನು ನೋಡಿದ.

“ಹಂಗ ಅಂದು,” ಎಂದ, “ನೋನವ್ವ ಎದ್ದು ಕುಂತಳು.”

ಕಸ್ತೂರಿ ತನ್ನ ಕಡೆಗೆ ನೋಡಿಕೊಂಡಳು. ಮಂಚದ ಅಂಚನ್ನು ಮುಟ್ಟಿದಳು. ತುಟಿ ಕಚ್ಚಿಕೊಂಡು ಗಾಡಿಯ ಕಡೆಗೆ ತಿರುಗಿದಳು. “ಇತ್ತ ನೂಕು ಅದನ್ನ. ಬಿದ್ರ ಹಿಡೀಬೇಕು ಮತ್ತ. ನಿಂತು ನೋಡೂದಲ್ಲ.”

ಅಂದು ಬಾಗಿಲವರೆಗೆ ಹೋಗಲಿಲ್ಲ. ಕಿಟಕಿಯವರೆಗೆ ಹೋದಳು. ಬಿದ್ದಳು, ಅತ್ತಳು, ಅಣ್ಣನನ್ನು ಬೈದಳು, ಮತ್ತೆ ನಿಂತಳು. ಮಳೆಗಾಲ ಕಳೆಯುವ ಹೊತ್ತಿಗೆ ಗಾಡಿಯನ್ನು ಗಿಡ್ಡ ಮಾಡಿ ಓಣಿಯ ಒಂದು ಕೂಸಿಗೆ ಕೊಟ್ಟರು. ಒಂದು ಕಾಲನ್ನು ತುಸು ಎಳೆದು ನಡೆಯುವುದು ಅವಳಲ್ಲಿ ಉಳಿಯಿತು. ನಡಿಗೆ ನಿಲ್ಲಲಿಲ್ಲ.

ನನ್ನನ್ನು ಸ್ವತಃ ಓದಬೇಕೆಂದೇ ಕಸ್ತೂರಿ ಇಂಗ್ಲಿಷ್ ಕಲಿತಳು. ಮೆಟ್ರಿಕ್ ಓದುವ ವರ್ಷ ಒಂದು ದಿನ ನನ್ನನ್ನು ಮೊದಲಿನಿಂದ ಹಿಡಿದು ಓದಿದಳು. ‘ಉಸಿರೆಳೆದುಕೊಂಡು’ ಎಂಬಲ್ಲಿಗೆ ಬಂದು ಹಾಳೆ ತಿರುವಿದಳು. ಮೊದಲು ಜೋರಾಗಿ ನಕ್ಕಳು. ಆಮೇಲೆ ನಗು ನಿಂತಿತು. ಬಿಳಿ ರಟ್ಟನ್ನು ಅಂಗೈಯಿಂದ ಒಮ್ಮೆ ಸವರಿ, ಅಣ್ಣ ಇಟ್ಟಿದ್ದಂತೆಯೇ ನನ್ನನ್ನು ಕಪಾಟಿನಲ್ಲಿಟ್ಟಳು. ಈ ವಿಷಯ ಅವಳು ಅವನೊಡನೆ ಎತ್ತಲಿಲ್ಲ. ಆ ಮನೆಯಲ್ಲಿ ಮಾತಿನಮಲ್ಲಿ ಎಂದು ಹೆಸರಾದವಳು ಕೂಡ ಕೆಲವನ್ನು ಒಳಗೇ ಇಟ್ಟುಕೊಂಡಳು.

ಮದುವೆಯಾಗಿ ಗದಗಿಗೆ ಹೋಗುವಾಗ ಅವಳು ತವರಿನಿಂದ ಕೇಳಿ ಪಡೆದದ್ದು ನನ್ನನ್ನು. ಅಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿಯಾದಳು. ಎಷ್ಟೋ ತರಗತಿಯ ಮಕ್ಕಳು ಈವಣ್ಣನ ಕತೆ ಕೇಳಿದರು, ಕೋಳಿ, ಚಪ್ಪಲಿ, ಕರಿ ಕಿವಿ ಎಲ್ಲ ಸಮೇತ. ಕಿವಿಯ ಬಣ್ಣ ತಪ್ಪಿದ ಕೂಡಲೇ ಇಡೀ ತರಗತಿ ಬೆಂಚಿನಿಂದ ಎದ್ದು ಕೂಗುತ್ತಿತ್ತು. ನಾನು ಮೇಜಿನ ಮೇಲೆ ಮಲಗಿ ಹೆಮ್ಮೆಯಿಂದ ಕೇಳುತ್ತಿದ್ದೆ. ನನ್ನಲ್ಲಿ ಅಚ್ಚಾಗದ ಕೊನೆ ನನ್ನ ಹೆಸರಿನಲ್ಲೇ ಊರು ಸುತ್ತುತ್ತಿತ್ತು.

ಗದಗಿನಲ್ಲಿ ನಲ್ಲಿಯ ನೀರು ವಾರಗಟ್ಟಲೆ ಬರುವುದಿಲ್ಲ. ಬಂದ ದಿನ ಮನೆಯಲ್ಲಿರುವ ಕೊಡ, ಪಾತ್ರೆ, ಡ್ರಮ್ಮು ಎಲ್ಲ ತುಂಬಬೇಕು. ನಲ್ಲಿಯನ್ನು ತೆರೆದೇ ಇಟ್ಟು ಕಾಯುವುದು ಅಲ್ಲಿಯ ಅಭ್ಯಾಸ. ಕಸ್ತೂರಿ ನಿವೃತ್ತಳಾದ ಮೇಲಿನ ಒಂದು ಬೆಳಗ್ಗೆ, ಹಾಗೆ ತೆರೆದಿಟ್ಟು ಅವಳು ಪೇಟೆಗೆ ಹೋದಾಗ ನೀರು ಬಂತು. ಡ್ರಮ್ಮು ತುಂಬಿ, ಪಡಸಾಲೆ ತುಂಬಿ, ಕಪಾಟಿನ ಕೆಳಗಿನ ಸಾಲಿನಲ್ಲಿದ್ದ ನನ್ನ ಬೆನ್ನಿಗೂ ಹತ್ತಿತು. ಮಕ್ತುಂಸಾಬರ ಅಂಟು ಚೆಂಡಿಗೆ ಸೋಲದಿದ್ದರೂ ನೀರಿಗೆ ಸೋತಿತು. ಹಿಂಬದಿಯ ರಟ್ಟು ಹಪ್ಪಳದಂತೆ ಉಬ್ಬಿ, ಬಿಳಿ ಕಾಗದ ಕಳಚಿಬಿತ್ತು.

ಕಸ್ತೂರಿ ನೆಲ ಬಳಿಯುತ್ತಿದ್ದವಳು ನನ್ನನ್ನು ಎತ್ತಿಕೊಂಡು ಕನ್ನಡಕ ಹುಡುಕಿದಳು. ಒದ್ದೆ ಹಾಳೆಗಳನ್ನು ಒಂದೊಂದಾಗಿ ಬಿಡಿಸಿ, ರೊಟ್ಟಿ ಇಡುವ ಬುಟ್ಟಿಯನ್ನು ಬೋರಲು ಹಾಕಿ ಅದರ ಮೇಲೆ ಹರವಿದಳು. ಒಣಗುವವರೆಗೆ ಕಾಯಲಿಲ್ಲ. ಅಲ್ಲಿಯೇ ಬಗ್ಗಿ ನಿಂತು ಓದಿದಳು.

ಮರುದಿನವೇ ಹುಬ್ಬಳ್ಳಿಯ ಬಸ್ಸು ಹತ್ತಿದಳು. ಮೌನೇಶ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ಅವಳಿಗಿಂತ ಮೊದಲೇ ನಿವೃತ್ತನಾಗಿದ್ದ. ಆಗಲೂ ಕಿಟಕಿಯ ಹತ್ತಿರವೇ ಕುಳಿತಿದ್ದ.

“ಯಣ್ಣಾ, ನಿನ್ನ ಕಳ್ಳತನ ಸಿಕ್ಕಿಬಿತ್ತು.”

“ಯಾವುದು?”

“ಬಾಳ ಅದಾವೇನ ಮತ್ತ?” ಎಂದು ನಗುತ್ತ ಹಾಳೆಗಳನ್ನು ಅವನ ತೊಡೆಯ ಮೇಲಿಟ್ಟಳು. ಮೈಲುತುತ್ತದ ತಿಳಿನೀಲಿ ಅವುಗಳ ಅಂಚಿಗೆ ಹತ್ತಿತ್ತು. “ಇವು ಇಷ್ಟು ವರ್ಷ ರಟ್ಟಿನೊಳಗ ಇದ್ದವು. ಓದು.”

ಅವನು ಓದಿದ. ಅಚ್ಚಾದ ಕತೆಯಲ್ಲಿ ಇವಾನ್ ಉಸಿರೆಳೆದುಕೊಂಡು, ಆ ಉಸಿರನ್ನು ಹಾಗೇ ಬಿಟ್ಟುಬಿಡುತ್ತಾನೆ. ಏನೂ ಹೇಳುವುದಿಲ್ಲ. ಗಂಟೆ ಅಲುಗದಂತೆ ಅದರ ನಾಲಗೆಯನ್ನು ಮುಷ್ಟಿಯಲ್ಲಿ ಹಿಡಿದು, ಗಂಟೆಯ ಕೆಳಗೇ ಮಲಗಿದ್ದ ತಂಗಿಯ ಪಕ್ಕ ನಿಲ್ಲುತ್ತಾನೆ. ಕೈ ಮರಗಟ್ಟುತ್ತದೆ, ಬಿಡುವುದಿಲ್ಲ. ಕೊನೆಗೆ ಗವಿಯ ಬಾಯಿಗೆ ಬಿಸಿಲು ಬೀಳುತ್ತದೆ. ನೋನ್ ತಾನಾಗಿ ಕಣ್ಣು ತೆರೆದು, ‘ಬೆಳಗಾಯಿತೆ?’ ಎನ್ನುತ್ತಾಳೆ. ಇವಾನ್ ‘ಹೌದು’ ಎನ್ನುತ್ತಾನೆ. ಅಷ್ಟೆ.

ಮೌನೇಶ ಕೊನೆಯ ಹಾಳೆಯನ್ನು ಎರಡು ಸಲ ಓದಿದ. “ಛಲೋ ಐತಿ,” ಎಂದ. “ಒಂದ ಮಾತಿನಾಗ ಮುಗಿಸ್ಯಾನ. ನಂದು ಬಾಳ ಉದ್ದ ಆಗಿತ್ತು.”

“ನೀನೂ ಹಿಂಗ ಬಾಯಿ ಮುಚಗೊಂಡು ನಿಂತಿದ್ದಿ ಅಂದ್ರ ನಾನೂ ಮಲಗೇ ಬಿಡ್ತಿದ್ದೆ. ಮಕ್ತುಂಸಾಬ್ರು ಇದನ್ನ ಮುಚ್ಚಿದ್ದ ಛಲೋ ಆತು.” ಅವಳು ಅವನ ಎದುರಿಗೆ ಕುಳಿತು ಕಾಲು ನೀವಿಕೊಂಡಳು. “ಆದ್ರ ನಿನ್ನ ಜಾಣತನಕ್ಕ ಮೆಚ್ಚಬೇಕು ನೋಡು. ನಾ ಏಳ್ಲಿ ಅಂತ ಬೇಕಂತಲೇ ಕರೀ ಕಿವಿ ಅಂದಿ. ಸಿಟ್ಟು ಬಂದ್ರ ನಾ ಎದ್ದ ಏಳ್ತೀನಿ ಅಂತ ನಿನಗ ಗೊತ್ತಿತ್ತು. ಮನ್ಯಾಗ ಎಲ್ಲಾರೂ ಕೈಬಿಟ್ಟಿದ್ರು, ನೀ ಒಬ್ಬಾಂವ ನಂಬಿದ್ದಿ. ಹೌದಲ್ಲೋ?”

ಮೌನೇಶನ ಹೆಬ್ಬೆರಳು ಹಾಳೆಯ ಮೇಲೆ ಒತ್ತಿ ನಿಂತಿತು. ಆ ಒತ್ತು ನನಗೆ ಗೊತ್ತಿತ್ತು. ಅವನು ಒಮ್ಮೆ ಉಸಿರೆಳೆದುಕೊಂಡ.

“ಚಾ ಕುಡೀತಿ?” ಎಂದ.

“ಆತೇನ?”

“ಇಲ್ಲ, ಮಲ್ಕೋ,” ಎಂದು ಅವನು ನಕ್ಕು, ಒಳಗೆ ಹೋಗಿ ತಾನೇ ಒಲೆ ಹಚ್ಚಿದ.

ಈಗ ನಾನು ಗದಗಿನಲ್ಲಿ, ಕಸ್ತೂರಿಯ ಕಪಾಟಿನ ಮೇಲಿನ ಸಾಲಿನಲ್ಲಿದ್ದೇನೆ. ಹೊಸ ರಟ್ಟು ಕಟ್ಟಿಸಲು ಅವಳು ಒಪ್ಪಲಿಲ್ಲ. ಕೊನೆಯ ಹಾಳೆಗಳನ್ನು ಅವುಗಳ ಜಾಗದಲ್ಲಿಟ್ಟು, ನನ್ನನ್ನು ಒಂದು ಬಟ್ಟೆಯ ಲಾಡಿಯಿಂದ ಕಟ್ಟಿದ್ದಾಳೆ. ಬರೆದವನ ಕೊನೆ ನನ್ನಲ್ಲಿದೆ, ಓದಿದವನ ಕೊನೆಯೂ ನನ್ನಲ್ಲಿದೆ. ನನಗೆ ಎರಡೂ ಹೊರೆಯೆನಿಸಿಲ್ಲ. ಒಂದು ಪುಸ್ತಕವನ್ನು ನಿಜವಾಗಿ ಪ್ರೀತಿಸಿದವನು ಅದಕ್ಕೆ ತನ್ನದೊಂದಿಷ್ಟು ಸೇರಿಸಿಯೇ ಹೋಗುತ್ತಾನೆ.

ಮೌನೇಶ ತೀರಿಹೋಗಿ ಒಂದು ವರ್ಷವಾಯಿತು. ಮನೆಗೆ ಬಂದವರಿಗೆಲ್ಲ ಕಸ್ತೂರಿ ಇಂದಿಗೂ ಹೇಳುತ್ತಾಳೆ, ನಮ್ಮಣ್ಣ ನಾ ಏಳ್ತೀನಂತ ನಂಬಿದ್ದ, ಅದಕ್ಕ ಬೇಕಂತ ತಪ್ಪು ಹೇಳಿದ ಎಂದು. ನಾನು ಸುಮ್ಮನೆ ಕೇಳುತ್ತೇನೆ.

ಅವನು ಬೇಕೆಂದು ತಪ್ಪು ಹೇಳಿರಲಿಲ್ಲ. ಅವಳು ಏಳುತ್ತಾಳೆಂಬ ನಂಬಿಕೆ ಅಂದು ಅವನಿಗೆ ಇರಲಿಲ್ಲ, ಆ ಚಿಂತೆಯಲ್ಲಿ ಕಿವಿಯ ಬಣ್ಣ ಮರೆತಿತ್ತು. ಅದನ್ನು ಅವನು ಅವಳಿಗೆ ಎಂದೂ ಹೇಳಲಿಲ್ಲ.